ಹತ್ತು ದಿನಗಳ ವಾರ

ಮ್ಯಾರಥಾನ್ ತರಬೇತಿಯ ಯಾವ ವೇಳಾಪಟ್ಟಿಯನ್ನು ತೆಗೆದು ನೋಡಿದರೂ ಅದರಲ್ಲಿ ಸೋಮವಾರದಿಂದ ಭಾನುವಾರದವರೆಗೆ ಏಳು ಮನೆಗಳಿರುತ್ತವೆ. ಭಾನುವಾರದ ಮನೆಯಲ್ಲಿ ಲಾಂಗ್ ರನ್ ಎಂಬ ದೂರದ ಓಟ, ಸೋಮವಾರ ವಿಶ್ರಾಂತಿ, ವಾರದ ನಡುವೆ ಒಂದು ವೇಗದ ಓಟ, ಉಳಿದ ದಿನಗಳಲ್ಲಿ ನಿಧಾನದ ಓಟಗಳು. ಹೀಗೆ 16 ಇಲ್ಲವೇ 18 ವಾರಗಳು ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯರ್ಡ್ ತಮ್ಮ ಓಟಗಾರರನ್ನು ಆಕ್ಲೆಂಡಿನ ಹೊರವಲಯದ ವೈಯಟರುವಾ ಗುಡ್ಡಗಳ ಸುತ್ತ 22 ಮೈಲಿ ಓಡಿಸುತ್ತಿದ್ದದ್ದೂ ಭಾನುವಾರವೇ. ಅಂದಿನ ಓಟಗಾರರು ವಾರವಿಡೀ ಎಲ್ಲಾದರೂ ದುಡಿದು ಉಳಿದ ಹೊತ್ತಿನಲ್ಲಿ ಓಡುವವರಾಗಿದ್ದರು, ಆದ್ದರಿಂದ ದೂರದ ಓಟಕ್ಕೆ ರಜೆಯ ದಿನವೇ ಬೇಕಾಗಿತ್ತು. ಆ ಏರ್ಪಾಡು ಇಂದಿಗೂ ಬದಲಾಗಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ಕಾಣುವಷ್ಟು ಓಟಗಾರರು ವಾರದ ಬೇರೆ ಯಾವ ದಿನವೂ ಕಾಣುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ. ಮಾಡುತ್ತ ನಾನು ಪೂರ್ಣ ಮ್ಯಾರಥಾನಿಗೆ ತಯಾರಾಗತೊಡಗಿದಾಗ ಬಹಳ ಕಾಲ ನನ್ನನ್ನು ಕಾಡಿದ್ದು ಈ ಭಾನುವಾರ. ಸಂಶೋಧನಾ ವಿದ್ಯಾರ್ಥಿಗಳಿಗೆ ಸಮಯ ಧಾರಾಳವಾಗಿರುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಕ್ಯಾಂಟೀನಿನಲ್ಲಿ ಕುಳಿತ ಸ್ಕಾಲರನ್ನು ಯಾಕೆ ಕುಳಿತೆ ಎಂದು ಕೇಳುವವರಿಲ್ಲ. ಆದರೆ ಆ ಸಮಯ ಯಾವಾಗ ಸಿಗಬೇಕು, ಯಾವಾಗ ಸಿಗಬಾರದು ಎಂಬುದನ್ನು ನಿರ್ಧರಿಸುವವರು ನಾವಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಓಟಗಾರನಿಗೆ ದಿನಕ್ಕೆ ಒಂದೂವರೆ ಗಂಟೆ ಬಿಡುವು ಸಿಕ್ಕಿದರೂ ಅದು ನಾಳೆಯೂ ಅದೇ ಹೊತ್ತಿಗೆ ಸಿಗುತ್ತದೆ. ಪ್ರಯೋಗಾಲಯದಲ್ಲಿ ಇರುವವರಿಗೆ ಐದು ಗಂಟೆ ಸಿಕ್ಕರೂ ಅದು ಎಂದು ಸಿಗುತ್ತದೆಂದು ಪ್ರಯೋಗವೇ ಹೇಳಬೇಕು. ಸಮತೋಲನದ ಬಗ್ಗೆ ನನಗೆ ಸಿಕ್ಕ ಸಲಹೆಗಳೆಲ್ಲ ಗಂಟೆಗಳನ್ನು ಹೇಗೆ ಹಂಚಬೇಕು ಎಂಬುದರ ಕುರಿತಾಗಿದ್ದವು. ನನಗಿದ್ದ ತೊಂದರೆ ಗಂಟೆಗಳ ಕೊರತೆಯದಾಗಿರಲಿಲ್ಲ ಎಂಬುದು ಅರ್ಥವಾಗಲು ನನಗೆ ಒಂದು ವರ್ಷವೇ ಬೇಕಾಯಿತು.

ಬೆಳಗಿನ ಜಾವ ಯಾರದು

ನಾನು ಕೆಲಸ ಮಾಡುವುದು ಹಣ್ಣುನೊಣಗಳ ಮೇಲೆ. ಆಹಾರ ಬದಲಾದಾಗ ಹೆಣ್ಣುನೊಣದ ಆಯಸ್ಸು ಹೇಗೆ ಬದಲಾಗುತ್ತದೆ, ಅದು ಇಡುವ ಮೊಟ್ಟೆಗಳ ಸಂಖ್ಯೆ ಹೇಗೆ ಬದಲಾಗುತ್ತದೆ ಎಂಬುದು ನನ್ನ ವಿಷಯ. ಮೈಸೂರಿಗೆ ಈ ನೊಣಗಳ ಅಧ್ಯಯನದಲ್ಲಿ ದೊಡ್ಡ ಹೆಸರಿದೆ. ಡ್ರೊಸೊಫಿಲಾ ಎಂದರೆ ಇದೇ ಹಣ್ಣುನೊಣ; ರಾಷ್ಟ್ರೀಯ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇರುವುದು ಇಲ್ಲಿಯೇ. ನೊಣಗಳಿಗೆ ನಾವು ಮಾಡಿ ಹಾಕುವ ಅಡುಗೆ ನಮ್ಮ ಮನೆಯವರಿಗೂ ಗೊತ್ತಿರುವಂಥದ್ದು: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಕೊನೆಯಲ್ಲಿ ಬೂಷ್ಟು ಬರದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ. ಅದು ಬೇಯುವ ದಿನ ವಿಭಾಗದ ಮೊಗಸಾಲೆಯ ತುಂಬ ಹಬ್ಬದ ಮನೆಯ ವಾಸನೆ ಇರುತ್ತದೆ. ಆಯಸ್ಸಿನ ಪ್ರಯೋಗ ನಡೆಯುವಾಗ ಎರಡು ಮೂರು ದಿನಕ್ಕೊಮ್ಮೆ ನೊಣಗಳನ್ನೆಲ್ಲ ಹೊಸ ಆಹಾರದ ಸೀಸೆಗಳಿಗೆ ವರ್ಗಾಯಿಸಿ ಸತ್ತವುಗಳನ್ನು ಎಣಿಸಬೇಕು. ಆ ಎಣಿಕೆಗೆ ಭಾನುವಾರವಿಲ್ಲ, ದಸರೆಯಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ವರ್ಜಿನ್ ಹೆಣ್ಣುಗಳನ್ನು, ಅಂದರೆ ಇನ್ನೂ ಗಂಡಿನ ಜತೆ ಕೂಡದವನ್ನು, ಬೇರ್ಪಡಿಸುವ ಕೆಲಸ. ಪ್ಯೂಪಾದಿಂದ (ಕೋಶದಿಂದ) ಹೊರಬಂದ ಹೆಣ್ಣುನೊಣ 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 8 ಗಂಟೆಗಳವರೆಗೆ ಗಂಡಿನ ಜತೆ ಕೂಡುವುದಿಲ್ಲ. ಆ ಅವಧಿಯೊಳಗೆ ಅದನ್ನು ಹಿಡಿದು ಬೇರೆ ಸೀಸೆಗೆ ಹಾಕಿದರೆ ಮಾತ್ರ ಮುಂದಿನ ಪ್ರಯೋಗಕ್ಕೆ ಅದು ಯೋಗ್ಯ. ಅವಧಿ ಮೀರಿದರೆ ಆ ಹೆಣ್ಣಿನ ಹೊಟ್ಟೆಯಲ್ಲಿ ಯಾವ ಗಂಡಿನ ವೀರ್ಯವಿದೆಯೋ ಹೇಳಲಾಗದು, ಆದ್ದರಿಂದ ಇಡೀ ಸೀಸೆ ವ್ಯರ್ಥ. ನೊಣಗಳು ಹೊರಬರುವುದಾದರೂ ಯಾವಾಗ ಎಂದರೆ ಹೆಚ್ಚಿನವು ನಸುಕಿನ ಆಸುಪಾಸಿನಲ್ಲಿ. ದೇಹದೊಳಗೆ ಗಡಿಯಾರವೊಂದಿದೆ ಎಂಬ ಸಂಗತಿಯ ಬೇರು ಸಿಕ್ಕಿದ್ದೂ ಇದೇ ಅಭ್ಯಾಸದಿಂದ: ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ವಿಜ್ಞಾನಿ ಸೀಮರ್ ಬೆಂಜರ್ ಅವರ ಬಳಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ರೊನಾಲ್ಡ್ ಕೊನೋಪ್ಕಾ, ಹೊತ್ತಲ್ಲದ ಹೊತ್ತಿನಲ್ಲಿ ಹೊರಬರುವ ನೊಣಗಳನ್ನು ಹುಡುಕಿ ಹುಡುಕಿ, 19 ಗಂಟೆಯ ದಿನವುಳ್ಳ ನೊಣವನ್ನೂ 28 ಗಂಟೆಯ ದಿನವುಳ್ಳ ನೊಣವನ್ನೂ ಲಯವೇ ಇಲ್ಲದ ನೊಣವನ್ನೂ ಕಂಡುಹಿಡಿದು, ಮೂರಕ್ಕೂ ಕಾರಣ ಒಂದೇ ಜೀನ್ ಎಂದು 1971ರಲ್ಲಿ ತೋರಿಸಿದರು. ಆ ಜೀನಿನ ಕೆಲಸವನ್ನು ಬಿಡಿಸಿ ಹೇಳಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಒಬ್ಬ ಸ್ಕಾಲರ್ ದಿನಗಟ್ಟಲೆ ಹೊತ್ತುಹೊತ್ತಿಗೆ ಸೀಸೆಗಳ ಮುಂದೆ ಕಾದು ಕುಳಿತದ್ದರಿಂದ ಇದೆಲ್ಲ ಆರಂಭವಾಯಿತು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಗೌರವ ಮೂಡುತ್ತದೆ.

ಆದರೆ ದೂರ ಓಡುವವರಿಗೆ ಬೇಕಾದದ್ದೂ ಅದೇ ನಸುಕು. ಮೈಸೂರಿನಲ್ಲಿ ಬೆಳಿಗ್ಗೆ ಎಂಟರ ನಂತರ 30 ಕಿ.ಮೀ. ಓಡುವುದು ಬೇಸಿಗೆಯಲ್ಲಂತೂ ಆಗದ ಮಾತು. ನಮ್ಮ ಗುಂಪಿನವರು ರಿಂಗ್ ರಸ್ತೆಯಲ್ಲಿ ಲಾಂಗ್ ರನ್ ಆರಂಭಿಸುತ್ತಿದ್ದದ್ದು ಐದು ಗಂಟೆಗೆ.

ಒಂದು ಭಾನುವಾರ ನನಗೆ ಸ್ಪಷ್ಟವಾಗಿ ನೆನಪಿದೆ. ಹಿಂದಿನ ರಾತ್ರಿ ಹತ್ತಕ್ಕೆ ಸೀಸೆಗಳಲ್ಲಿದ್ದ ನೊಣಗಳನ್ನೆಲ್ಲ ಖಾಲಿ ಮಾಡಿ ಬಂದಿದ್ದೆ, ಅಂದರೆ ಬೆಳಿಗ್ಗೆ ಆರರೊಳಗೆ ಹೊಸದಾಗಿ ಬಂದವುಗಳನ್ನು ಬೇರ್ಪಡಿಸಿ ಮುಗಿಸಿರಬೇಕು. ಪಡುವಾರಹಳ್ಳಿಯ ಕೋಣೆಯಿಂದ ನಾಲ್ಕೂವರೆಗೆ ಹೊರಟಾಗ ಗುಂಪಿನ ಹಿರಿಯರೊಬ್ಬರು ತಮ್ಮ ಸ್ಕೂಟರಿನಲ್ಲಿ ಎದುರಾದರು. ನಿವೃತ್ತರು, ನಾವೆಲ್ಲ ಅವರನ್ನು ಸರ್ ಎನ್ನುತ್ತೇವೆ. "ಬಾಮ್ಮ, ಹತ್ಕೋ, ರಿಂಗ್ ರೋಡಿಗೆ ಬಿಡ್ತೀನಿ" ಎಂದರು. ನನ್ನ ಕಾಲಲ್ಲಿ ಓಟದ ಶೂ ಇತ್ತು, ಚೀಲದಲ್ಲಿ ನೀರಿನ ಬಾಟಲಿಯೂ ಇತ್ತು. "ಲ್ಯಾಬಿಗೆ ಹೋಗ್ತಿದೀನಿ ಸರ್" ಎಂದಾಗ ಅವರು ಏನೂ ಕೇಳಲಿಲ್ಲ. ಸ್ಕೂಟರ್ ಮುಂದೆ ಹೋಯಿತು. ಲ್ಯಾಬಿನಲ್ಲಿ ಈಥರ್ ಕೊಟ್ಟು ಮಲಗಿಸಿದ ನೊಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಳಿಯ ಹಾಳೆಯ ಮೇಲೆ ಹರಡಿಕೊಂಡು, ಸಣ್ಣ ಬ್ರಷ್ಷಿನ ತುದಿಯಿಂದ ಒಂದೊಂದನ್ನೇ ಹೊರಳಿಸಿ, ಮುಂಗಾಲಿನಲ್ಲಿ ಕಪ್ಪು ಬಾಚಣಿಗೆಯಂಥ ಕೂದಲಿರುವ ಗಂಡುಗಳನ್ನು ಒಂದು ಕಡೆಗೆ ತಳ್ಳುತ್ತ, ಇನ್ನೂ ಬಣ್ಣ ಬಲಿಯದ, ಹೊಟ್ಟೆಯೊಳಗೆ ಮೊದಲ ಮಲದ ಕಪ್ಪು ಚುಕ್ಕೆ ಕಾಣುವ ಹೆಣ್ಣುಗಳನ್ನು ಇನ್ನೊಂದು ಕಡೆಗೆ ಎತ್ತುತ್ತ ಕುಳಿತೆ. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಅಷ್ಟು ಹೊತ್ತೂ ಗುಂಪು ಈಗ ಎಲ್ಲಿರಬಹುದು, ಬೋಗಾದಿ ದಾಟಿರಬಹುದೇ ಎಂಬ ಲೆಕ್ಕ ತಲೆಯಲ್ಲಿ ನಡೆಯುತ್ತಿತ್ತು. ಅದಕ್ಕೂ ಹಿಂದೆ, ಓಡಲು ಹೋದ ಬೇರೊಂದು ಬೆಳಿಗ್ಗೆ, ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ ನಾನು ಯೋಚಿಸಿದ್ದು ಸೀಸೆಗಳನ್ನು. ಎರಡರಲ್ಲಿ ಯಾವುದನ್ನು ಮಾಡುತ್ತಿದ್ದರೂ ಮತ್ತೊಂದರ ಸಾಲ ನನ್ನ ಮೇಲಿದೆ ಎಂದು ಅನ್ನಿಸುತ್ತಿದ್ದದ್ದು ದಣಿವಿಗಿಂತ ಹೆಚ್ಚಾಗಿ ನನ್ನನ್ನು ಕುಗ್ಗಿಸುತ್ತಿತ್ತು.

ನೊಣಗಳನ್ನು ಬಲ್ಲವರು ಇಲ್ಲೊಂದು ಪ್ರಶ್ನೆ ಕೇಳಬಹುದು: ರಾತ್ರಿ ಸೀಸೆಗಳನ್ನು 18 ಡಿಗ್ರಿಗೆ ಇಟ್ಟರೆ ಎಂಟು ಗಂಟೆಯ ಗಡುವು ಸುಮಾರು 16 ಗಂಟೆಯಾಗುತ್ತದಲ್ಲವೇ? ಆಗುತ್ತದೆ. ಸಾಮಾನ್ಯ ಸಂಕರಗಳಿಗೆ ನಾನೂ ಅದನ್ನೇ ಮಾಡುತ್ತೇನೆ, ಸಂಜೆ ಆರಕ್ಕೆ ಖಾಲಿ ಮಾಡಿ ಮರುದಿನ ಹತ್ತರೊಳಗೆ ಬೇರ್ಪಡಿಸುತ್ತೇನೆ, ನಡುವಿನ ನಸುಕು ಓಟಕ್ಕೆ ಸಿಗುತ್ತದೆ. ಆದರೆ ಆಯಸ್ಸನ್ನೇ ಅಳೆಯುವ ಪ್ರಯೋಗದಲ್ಲಿ ಉಷ್ಣತೆ ಆಚೀಚೆಯಾಗಬಾರದು. ತಣ್ಣಗಿನಲ್ಲಿ ನೊಣ ನಿಧಾನವಾಗಿ ಬೆಳೆಯುತ್ತದೆ, ಹೆಚ್ಚು ದಿನ ಬದುಕುತ್ತದೆ. ನನ್ನ ಓಟದ ಅನುಕೂಲಕ್ಕಾಗಿ ನನ್ನ ಅಳತೆಯನ್ನು ಬದಲಿಸುವ ಹಕ್ಕು ನನಗಿಲ್ಲ.

ಬ್ಯಾನಿಸ್ಟರ್ ಉದಾಹರಣೆ ನಮಗೇಕೆ ಒಗ್ಗುವುದಿಲ್ಲ

ಓದುತ್ತ ಓಡುವವರ ಮಾತು ಬಂದಾಗಲೆಲ್ಲ, ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಹೆಸರು ಬರುತ್ತದೆ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗ ಅವರು ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಅಂದು ಬೆಳಿಗ್ಗೆ ಆಸ್ಪತ್ರೆಯ ಪ್ರಯೋಗಾಲಯದ ಸಾಣೆಕಲ್ಲಿನಲ್ಲಿ ತಮ್ಮ ಶೂಗಳ ಮೊಳೆಗಳನ್ನು ಮಸೆದುಕೊಂಡು ರೈಲು ಹತ್ತಿದವರು. ಅದಕ್ಕೂ ಮೊದಲು ಆಕ್ಸ್‌ಫರ್ಡಿನಲ್ಲಿ ಉಸಿರಾಟದ ಶರೀರಶಾಸ್ತ್ರದಲ್ಲಿ ಸಂಶೋಧನೆ ಮಾಡಿ, ಟ್ರೆಡ್‌ಮಿಲ್ ಮೇಲೆ ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡಿದ್ದರು. ಅವರು ಅಭ್ಯಾಸ ಮಾಡುತ್ತಿದ್ದದ್ದು ಊಟದ ವಿರಾಮದಲ್ಲಿ. ಇದನ್ನು ಕೇಳಿದ ಯಾರಿಗಾದರೂ, ಮನಸ್ಸಿದ್ದರೆ ಸಮಯ ಸಿಗುತ್ತದೆ ಎಂದೇ ಅನ್ನಿಸುತ್ತದೆ. ಆದರೆ ಮೈಲಿ ಓಟದ ತಯಾರಿಯನ್ನು ಊಟದ ವಿರಾಮದೊಳಗೆ ಒತ್ತಿ ಕೂರಿಸಬಹುದು, 42.195 ಕಿ.ಮೀ.ಗೆ ಬೇಕಾದ ತಯಾರಿಯನ್ನು ಹಾಗೆ ಒತ್ತಲಾಗದು.

ಇದಕ್ಕೆ ಕಾರಣ ದೇಹದೊಳಗಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ನಾವು ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಒಟ್ಟು ಸುಮಾರು 400ರಿಂದ 500 ಗ್ರಾಂ, ಅಂದರೆ ಹೆಚ್ಚೆಂದರೆ 2,000 ಕಿಲೋಕ್ಯಾಲೊರಿ. ಒಂದು ಕಿ.ಮೀ. ಓಡಲು ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. 55 ಕಿಲೋ ತೂಕದವರಿಗೆ ಪೂರ್ಣ ಮ್ಯಾರಥಾನಿಗೆ 2,300 ಆಗುತ್ತದೆ. ಬಹಳ ಜನ 30 ಕಿ.ಮೀ. ದಾಟಿದ ಮೇಲೆ ಕುಸಿಯುವುದು ಈ ಲೆಕ್ಕದಿಂದಲೇ. ಕೊಬ್ಬನ್ನು ಹೆಚ್ಚಾಗಿ ಸುಡುವುದನ್ನು ದೇಹಕ್ಕೆ ಕಲಿಸಬೇಕಾದರೆ, ಸ್ನಾಯುವಿನ ನಿಧಾನ ತಂತುಗಳ ಗ್ಲೈಕೋಜನ್ ಮುಗಿದಾಗ ಉಳಿದ ತಂತುಗಳೂ ಕೆಲಸಕ್ಕೆ ಇಳಿಯುವಂತೆ ಮಾಡಬೇಕಾದರೆ, ಒಂದೇ ಓಟ ಎರಡೂವರೆ ಮೂರು ಗಂಟೆ ಮುಂದುವರಿಯಬೇಕು. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ರಾತ್ರಿ ಒಂದು ಗಂಟೆ ಎಂದು ತುಂಡು ಮಾಡಿದರೆ ಆ ಫಲ ಬರುವುದಿಲ್ಲ. ಪ್ರಬಂಧದ ಅಧ್ಯಾಯ ಬರೆಯುವುದೂ ಹಾಗೆಯೇ. ಇಪ್ಪತ್ತು ನಿಮಿಷದ ತುಣುಕುಗಳಲ್ಲಿ ಕೋಷ್ಟಕ ಸರಿಪಡಿಸಬಹುದು, ಚರ್ಚೆಯ ಭಾಗವನ್ನು ಬರೆಯಲಾಗದು. ತುಂಡಾಗದ ಎರಡು ಕೆಲಸಗಳನ್ನು ಒಬ್ಬರೇ ಹಿಡಿದುಕೊಂಡಾಗ ಹುಟ್ಟುವ ಬಿಕ್ಕಟ್ಟು ಇದು.

ಲಿಡಿಯರ್ಡ್ ಶಿಷ್ಯರಲ್ಲೊಬ್ಬರಾದ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸಿನಲ್ಲಿ 800 ಮೀಟರ್, 1964ರ ಟೋಕಿಯೊದಲ್ಲಿ 800 ಮತ್ತು 1500 ಮೀಟರ್ ಗೆದ್ದು, ಓಟವನ್ನು ನಿಲ್ಲಿಸಿ ವರ್ಷಗಳಾದ ಮೇಲೆ, ಮೂವತ್ತರ ಮಧ್ಯದಲ್ಲಿ ಅಮೆರಿಕಕ್ಕೆ ಹೋಗಿ ಮೊದಲಿನಿಂದ ಓದಿ ವ್ಯಾಯಾಮ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿದ ಅವರ ಕ್ರಮ ವಿವೇಕದ್ದು ಎಂದು ನನಗೆ ಒಮ್ಮೊಮ್ಮೆ ಅನ್ನಿಸಿದೆ. ಆದರೂ ನಾನು ಹಾಗೆ ಕಾಯಲು ಸಿದ್ಧಳಿರಲಿಲ್ಲ. ಪಿಎಚ್.ಡಿ. ಮುಗಿದ ಮೇಲೆ, ಕೆಲಸ ಸಿಕ್ಕಿದ ಮೇಲೆ, ಮದುವೆಯಾದ ಮೇಲೆ ಎಂದು ಮುಂದೂಡುತ್ತ ಹೋದ ಹೆಂಗಸರನ್ನು ನಾನು ನನ್ನ ಊರಿನಲ್ಲಿ ಬಹಳ ನೋಡಿದ್ದೇನೆ.

ಹುಳುಮನೆ

ನಮ್ಮೂರು ಮಳವಳ್ಳಿಯ ಕಡೆಯದು, ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಆ ವರ್ಷ ಮುಂಗಾರು ಶುರುವಾಗಿದ್ದ ದಿನಗಳಲ್ಲಿ ಎರಡು ದಿನಕ್ಕೆಂದು ಊರಿಗೆ ಹೋಗಿದ್ದೆ. ಓಟದ ವೇಳಾಪಟ್ಟಿ ಅಷ್ಟರಲ್ಲಿ ಚಿಂದಿಯಾಗಿತ್ತು. ಹಗಲು ಹನ್ನೊಂದರ ಹೊತ್ತಿಗೆ ಅವ್ವ ಹುಳುಮನೆಯ ಬಾಗಿಲ ಬಳಿ ಚಾಪೆ ಹಾಸಿಕೊಂಡು ಮಲಗಿದ್ದಳು. ಬೇಸಾಯದ ಮನೆಯಲ್ಲಿ ಹಗಲು ಹೊತ್ತು ಮಲಗುವ ಹೆಂಗಸು ಎಂದರೆ ಕಾಯಿಲೆಯಿರಬೇಕು ಎಂದುಕೊಂಡು ಮೈ ಮುಟ್ಟಿ ನೋಡಿದೆ. ಕಣ್ಣು ಬಿಟ್ಟವಳೇ, "ಮೂರನೇ ಜ್ವರಕ್ಕೆ ಕೂತವೆ" ಎಂದಳು. ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿ ಅಲುಗದೆ ಕುಳಿತಿದ್ದವು. ಪೊರೆ ಬಿಡುವುದನ್ನೇ ಜ್ವರ ಎನ್ನುವುದು; ಆ ಒಂದು ದಿನ ಹುಳು ಸೊಪ್ಪು ಮುಟ್ಟುವುದಿಲ್ಲ, ಹಾಕಲೂ ಬಾರದು. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನ ಮಾತ್ರ ಅದರ ಹಸಿವಿಗೆ ಕೊನೆಯೇ ಇಲ್ಲ. ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲನ್ನು ಆ ದಿನಗಳಲ್ಲಿಯೇ ತಿಂದು ಮುಗಿಸುತ್ತದೆ. ಆಗ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುವುದಿಲ್ಲ, ನೆಂಟರ ಮನೆಯ ಮದುವೆಗೂ ಒಬ್ಬರೇ ಹೋಗಿ ಬರುತ್ತಾರೆ.

"ಹುಳ ಜ್ವರಕ್ಕೆ ಕೂತಾಗ್ಲೇ ನಾವೂ ಮನೀಕಬೇಕು ಕಣ್ ಮಗ. ಅದು ಎದ್ಮೇಲೆ ನಮ್ಮನ್ನ ಮನೀಕಳಕ್ ಬಿಡಾಕಿಲ್ಲ" ಎಂದು ಹೇಳಿ ಅವ್ವ ಮಗ್ಗುಲು ಬದಲಿಸಿದಳು.

ಹುಟ್ಟಿದಾಗಿನಿಂದ ನೋಡಿದ ಸಂಗತಿಯೇ ಅದು. ಆದರೆ ಅವ್ವನ ತಿಂಗಳಿನಲ್ಲಿ ಸೋಮವಾರ ಭಾನುವಾರಗಳು ಎಂದೂ ಇರಲಿಲ್ಲ ಎಂಬುದು ನನಗೆ ಅಂದು ಹೊಳೆಯಿತು. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬಂದ ದಿನದಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುವ ದಿನದವರೆಗೆ ಅವಳು ಹುಳುವಿನ ಲೆಕ್ಕದಲ್ಲೇ ಬದುಕುತ್ತಾಳೆ. ಯಾವ ದಿನ ಮೈಮುರಿಯುವ ಕೆಲಸ, ಯಾವ ದಿನ ನಿದ್ದೆ, ಯಾವ ದಿನ ಸಂತೆ, ಎಲ್ಲವೂ ಅದರಲ್ಲಿಯೇ ಇದೆ. ನನಗೂ ಸಾಕಿಕೊಂಡ ಒಂದು ಜೀವಿ ಇತ್ತು. ಅದಕ್ಕೂ ತನ್ನದೇ ಲೆಕ್ಕವಿತ್ತು. 25 ಡಿಗ್ರಿಯಲ್ಲಿ ಹಣ್ಣುನೊಣದ ಒಂದು ಪೀಳಿಗೆ ಸುಮಾರು ಹತ್ತು ದಿನ: ಮೊಟ್ಟೆ ಒಂದು ದಿನ, ಲಾರ್ವಾ ನಾಲ್ಕೈದು ದಿನ, ಪ್ಯೂಪಾ ನಾಲ್ಕೈದು ದಿನ. ಆ ಹತ್ತನ್ನು ನಾನು ಏಳರ ಪಟ್ಟಿಯೊಳಗೆ ತುರುಕಲು ನೋಡುತ್ತಿದ್ದೆ.

ಮೈಸೂರಿಗೆ ಬಂದ ಮೇಲೆ ಹೊಸ ಹಾಳೆಯಲ್ಲಿ ಹತ್ತು ಮನೆ ಗೆರೆ ಹಾಕಿದೆ. ಮೊದಲ ಎರಡು ದಿನ ಗಂಡು ಹೆಣ್ಣು ನೊಣಗಳ ಜೋಡಿಗಳನ್ನು ಸೀಸೆಗೆ ಹಾಕುವ, ಆಹಾರ ಬೇಯಿಸುವ ಕೆಲಸವಿರುತ್ತದೆ, ಆಗ ಕೆರೆಯ ಸುತ್ತ ನಿಧಾನದ ಓಟ. ಮೂರನೆಯ ದಿನ ವೇಗದ ಓಟ. ಅದಕ್ಕೆ ಒಂದು ಗಂಟೆ ಸಾಕು. ನಾಲ್ಕನೆಯ ದಿನ ವಿಶ್ರಾಂತಿ. ಐದರಿಂದ ಎಂಟರವರೆಗೆ ಲಾರ್ವಾಗಳು ತಿನ್ನುತ್ತ, ಸೀಸೆಯ ಗೋಡೆ ಹತ್ತಿ ಪ್ಯೂಪಾ ಆಗುತ್ತ ಇರುವಾಗ ಆ ಸೀಸೆಗಳಿಗೆ ನನ್ನ ಅಗತ್ಯವೇ ಇರುವುದಿಲ್ಲ. ಲಾಂಗ್ ರನ್ ಅಲ್ಲಿಗೆ ಹೋಯಿತು, ಆರನೆಯ ದಿನಕ್ಕೆ, ಅದು ಮಂಗಳವಾರವಾದರೂ ಸರಿ, ಶುಕ್ರವಾರವಾದರೂ ಸರಿ. ಎಂಟನೆಯ ದಿನ 15 ಕಿ.ಮೀ.ನ ಮಧ್ಯಮ ಓಟ. ಒಂಬತ್ತು, ಹತ್ತು ಮತ್ತು ಮುಂದಿನ ಸುತ್ತಿನ ಆರಂಭದ ದಿನಗಳಲ್ಲಿ ನೊಣಗಳು ಹೊರಬರುವಾಗ ಬೆಳಗಿನ ಜಾವ ಪೂರ್ತಿ ಅವುಗಳದು. ಸಂಜೆ ಅರ್ಧ ಗಂಟೆ ಕಾಲು ಸಡಿಲಿಸಿದರೆ ಸಾಕು, ಅದೂ ಆಗದಿದ್ದರೆ ಬಿಡಬೇಕು. ಎಣಿಕೆಯ ದಿನಗಳು ಎಲ್ಲೆಂದರಲ್ಲಿ ಬರುತ್ತವೆ, ಆದರೆ ಅವನ್ನು ಹಗಲಿಗೆ ತಳ್ಳಬಹುದು.

ಇದರಿಂದ ನಷ್ಟವೇ ಆಗಲಿಲ್ಲ ಎನ್ನಲಾರೆ. 16 ವಾರಗಳ ಪಟ್ಟಿಯಲ್ಲಿ 16 ಭಾನುವಾರಗಳಿರುತ್ತವೆ, ಅಷ್ಟೇ ಅವಧಿಯಲ್ಲಿ ಹತ್ತು ದಿನದ ಸುತ್ತುಗಳು 11 ಮಾತ್ರ. ಲಾಂಗ್ ರನ್‌ಗಳು ಕಡಿಮೆಯಾದವು. ಗುಂಪಿನ ಜತೆಯೂ ತಪ್ಪಿತು, ಹೆಚ್ಚಿನ ದೂರದ ಓಟಗಳನ್ನು ಒಬ್ಬಳೇ ಓಡಬೇಕಾಯಿತು. ಕತ್ತಲಲ್ಲಿ ರಿಂಗ್ ರಸ್ತೆಗೆ ಒಬ್ಬಳೇ ಹೋಗುವುದು ನನಗೆ ಸರಿಕಾಣಲಿಲ್ಲವಾದ್ದರಿಂದ ಬೆಳಕು ಹರಿದ ಮೇಲೆ, ಜನರಿರುವ ಕೆರೆಯ ಏರಿಯಲ್ಲಿ ಮತ್ತು ಗಂಗೋತ್ರಿಯ ಒಳರಸ್ತೆಗಳಲ್ಲಿ ಸುತ್ತು ಹಾಕುತ್ತ 28, 30 ಕಿ.ಮೀ. ಮುಗಿಸುತ್ತಿದ್ದೆ. ಅದೇ ಹೆಜ್ಜಾರ್ಲೆ, ಅದೇ ನೀರುಕಾಗೆ, ಅದೇ ಕಲ್ಲುಬೆಂಚು ಮತ್ತೆ ಮತ್ತೆ. ಆದರೆ ಲಾಂಗ್ ರನ್ನಿಗೆ ಹೊರಟ ದಿನ ನನ್ನ ಮನಸ್ಸು ಸೀಸೆಗಳ ಬಳಿ ಇರುತ್ತಿರಲಿಲ್ಲ, ಏಕೆಂದರೆ ಅಂದು ಅಲ್ಲಿ ನನಗೆ ಕೆಲಸವಿಲ್ಲವೆಂದು ಖಚಿತವಾಗಿ ಗೊತ್ತಿರುತ್ತಿತ್ತು. ಕಡಿಮೆಯಾದ ಓಟಗಳ ಬದಲಿಗೆ ಸಿಕ್ಕಿದ್ದು ಇದು, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚಿನದು. ದೇಹಕ್ಕಂತೂ ವಾರ ಎಂಬುದೇ ತಿಳಿಯದು. ಸರಿಯಾಗಿ ಉಂಡರೆ ಗ್ಲೈಕೋಜನ್ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಸ್ನಾಯುವಿನ ಸಣ್ಣ ಸೀಳುಗಳು ಮಾಯಲು ಇನ್ನಷ್ಟು ದಿನ ಬೇಕು. ಹತ್ತು ದಿನದ ಅಂತರ ಅದಕ್ಕೆ ಅನುಕೂಲವೇ ಆಯಿತು.

ನಿದ್ದೆ, ಊಟ

ಹೊಂದಿಸಿಕೊಳ್ಳಲು ಆಗದೆ ಉಳಿದದ್ದು ನಿದ್ದೆ. 1936ರಲ್ಲಿ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಇಲಿಗಳಲ್ಲಿ ಗಮನಿಸಿ ಬರೆದ ಸಂಗತಿಯೊಂದಿದೆ: ಚಳಿಯಾಗಲಿ, ವಿಷವಾಗಲಿ, ಮಿತಿಮೀರಿದ ವ್ಯಾಯಾಮವಾಗಲಿ, ಕಾರಣ ಯಾವುದಿದ್ದರೂ ದೇಹ ಒಂದೇ ಬಗೆಯ ಪ್ರತಿಕ್ರಿಯೆ ತೋರುತ್ತದೆ. ಆ ಮಾತಿಗೆ ನಂತರ ಬಹಳ ತಿದ್ದುಪಡಿಗಳಾಗಿವೆ, ಆದರೆ ಓಡುವ ಸ್ಕಾಲರಿಗೆ ಅದರ ಸಾರ ಅನುಭವಕ್ಕೆ ಬರುತ್ತದೆ. ಸಂಶೋಧನಾ ಲೇಖನದ ವಿಮರ್ಶಕರ ಆಕ್ಷೇಪಗಳಿಗೆ ರಾತ್ರಿಯಿಡೀ ಉತ್ತರ ಬರೆದ ಮರುದಿನ, ಎಂದಿನ ವೇಗದಲ್ಲಿಯೇ ಓಡಿದರೂ ಎದೆಬಡಿತ ಎಂದಿಗಿಂತ ಏರಿರುತ್ತದೆ. ಕುಳಿತೇ ಇದ್ದೆನಲ್ಲ, ಕಾಲಿಗೇನೂ ಆಯಾಸವಾಗಿಲ್ಲವಲ್ಲ ಎಂಬ ವಾದವನ್ನು ದೇಹ ಒಪ್ಪುವುದಿಲ್ಲ.

ಅಮೆರಿಕದ ಕಾರ್ಲ್ ಫಾಸ್ಟರ್ ರೂಪಿಸಿದ ಸರಳ ಅಳತೆಯೊಂದನ್ನು ಕ್ರೀಡಾ ತರಬೇತಿಯಲ್ಲಿ ಬಳಸುತ್ತಾರೆ: ಓಟ ಎಷ್ಟು ಕಷ್ಟವೆನಿಸಿತು ಎಂಬುದಕ್ಕೆ ಹತ್ತರಲ್ಲಿ ಒಂದು ಅಂಕ ಕೊಟ್ಟು, ಅದನ್ನು ಓಡಿದ ನಿಮಿಷಗಳಿಂದ ಗುಣಿಸುವುದು. 60 ನಿಮಿಷ, ಕಷ್ಟ 4 ಎಂದಾದರೆ ಹೊರೆ 240. ನಾನು ಅದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆದು ಲ್ಯಾಬಿನ ದಿನಕ್ಕೂ ಒಂದರಿಂದ ಹತ್ತರವರೆಗೆ ಅಂಕ ಕೊಡತೊಡಗಿದೆ. ಇದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲ, ನನ್ನ ತಿಳಿವಿಗಾಗಿ ಮಾಡಿಕೊಂಡದ್ದು. ಲ್ಯಾಬಿನ ಅಂಕ 8 ದಾಟಿದ ದಿನ ಮತ್ತು ನಿದ್ದೆ ಆರು ಗಂಟೆಗಿಂತ ಕಡಿಮೆಯಾದ ದಿನ ವೇಗದ ಓಟವನ್ನು ಪಟ್ಟಿಯಿಂದ ತೆಗೆದುಹಾಕುವುದು ಎಂದು ನಿಯಮ ಮಾಡಿಕೊಂಡೆ. ಮುಂದೂಡುವುದಲ್ಲ, ತೆಗೆದೇ ಹಾಕುವುದು. ಮುಂದೂಡಿದ ಓಟಗಳು ಒಂದರ ಮೇಲೊಂದು ಬಿದ್ದು ಮಂಡಿಗೆ ಪೆಟ್ಟು ಮಾಡುವುದನ್ನು ನಮ್ಮ ಗುಂಪಿನಲ್ಲಿಯೇ ಹಲವರಲ್ಲಿ ಕಂಡಿದ್ದೆ.

ಊಟದ ಮಾತು ಹೆಂಗಸರಿಗೆ ವಿಶೇಷವಾಗಿ ಹೇಳಬೇಕಾದದ್ದು. ದೂರ ಓಡುವ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಮುಟ್ಟಿನಲ್ಲಿ ಹೋಗುವ ರಕ್ತದ ಜತೆಗೆ ಬೆವರಿನಲ್ಲಿ ಒಂದಷ್ಟು ಹೋಗುತ್ತದೆ, ಪಾದ ನೆಲಕ್ಕೆ ಬಡಿಯುವಾಗ ಕೆಂಪು ರಕ್ತಕಣಗಳೂ ಒಂದಷ್ಟು ಒಡೆಯುತ್ತವೆ. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಕುಸಿದಿರಬಹುದು, ಆದ್ದರಿಂದ ಎರಡನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ತಿನ್ನುವುದು ಖರ್ಚಿಗಿಂತ ಕಡಿಮೆಯಾಗಿ ಮುಟ್ಟು ನಿಲ್ಲುವ, ಮೂಳೆ ಬಿರುಕು ಬಿಡುವ ಸ್ಥಿತಿಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಹೊಸ ಹೆಸರಿಟ್ಟು ಎಚ್ಚರಿಸಿತು. ಲ್ಯಾಬಿನಲ್ಲಿ ಮಧ್ಯಾಹ್ನದ ಊಟ ಬಿಟ್ಟು ಟೀ ಬಿಸ್ಕತ್ತಿನಲ್ಲಿ ದಿನ ದೂಡುವ ಅಭ್ಯಾಸವಿರುವ ನಮಗೆ ಆ ಸ್ಥಿತಿ ದೂರವಲ್ಲ. ಊಟದ ಜತೆ ಕುಡಿದ ಟೀ, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುತ್ತದೆ, ನಿಂಬೆಹುಳಿ ಅದನ್ನು ಹತ್ತುವಂತೆ ಮಾಡುತ್ತದೆ. ನಾನು ಮುದ್ದೆ, ಸೊಪ್ಪಿನ ಸಾರು, ಮೊಟ್ಟೆಗೆ ಮರಳಿದೆ. ರಾಗಿಯಲ್ಲಿ 100 ಗ್ರಾಮಿಗೆ 300 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಮೂಳೆಗೆ ಅದು ಬೇಕು. ದುಬಾರಿ ಪುಡಿಗಳನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. 2023ರ ಜನವರಿಯಿಂದ ಸಂಶೋಧನಾ ವಿದ್ಯಾರ್ಥಿಗಳ ಜೆಆರ್‌ಎಫ್ ಫೆಲೋಶಿಪ್ ಮೊತ್ತ ತಿಂಗಳಿಗೆ 37,000 ರೂಪಾಯಿ ಆಗಿರುವುದು ದೊಡ್ಡ ಸಮಾಧಾನವೇ, ಆದರೆ ಮನೆಗೆ ಕಳಿಸಿ ಉಳಿದದ್ದರಲ್ಲಿ ಶೂಗಳಿಗಷ್ಟೇ ಸಾಲುತ್ತದೆ; ಫೆಲೋಶಿಪ್ಪೇ ಇಲ್ಲದೆ ಸಂಶೋಧನೆ ಮಾಡುವವರು ನಮ್ಮ ನಡುವೆ ಬಹಳ ಜನ ಇದ್ದಾರೆ.

ಮೇಡಂ ಕೇಳಿದ್ದು

ಓಡುತ್ತೇನೆಂದು ಗೈಡ್‌ಗೆ ಹೇಳಬೇಕೇ ಬೇಡವೇ ಎಂಬುದು ಬಹಳ ಸ್ಕಾಲರುಗಳ ಸಂಕಟ. ಕೆಲಸ ತಡವಾದಾಗಲೆಲ್ಲ ಅದೇ ಕಾರಣವೆಂದು ತಿಳಿದಾರು ಎಂಬ ಭಯ. ನಾನು ಹತ್ತು ಮನೆಯ ಹಾಳೆಯನ್ನೇ ತೆಗೆದುಕೊಂಡು ಹೋಗಿ ಮೇಡಂ ಮುಂದೆ ಇಟ್ಟೆ. ಅವರು ಓಟದ ಸಾಲನ್ನು ನೋಡಲಿಲ್ಲ, ಪ್ರಯೋಗದ ಸಾಲನ್ನು ಬೆರಳಿಟ್ಟು ಓದಿದರು. "ಒಂಬತ್ತು ಹತ್ತನೇ ದಿನ ನೀನು ಇಲ್ಲಿರ್ತೀಯ ತಾನೇ?" ಎಂದರು. "ಇರ್ತೀನಿ ಮೇಡಂ." "ಹಾಗಾದರೆ ಇದನ್ನು ಗೋಡೆಗೆ ಅಂಟಿಸು, ಬೇರೆಯವರಿಗೂ ಗೊತ್ತಾಗಲಿ." ಮಾತು ಅಷ್ಟಕ್ಕೆ ಮುಗಿಯಿತು. ಹಾಳೆ ಇನ್‌ಕ್ಯುಬೇಟರಿನ ಪಕ್ಕದ ಗೋಡೆಗೆ ಏರಿದ ಮೇಲೆ ಲ್ಯಾಬಿನ ಉಳಿದವರೂ ತಮ್ಮ ತಮ್ಮ ಸೀಸೆಗಳ ದಿನಗಳನ್ನು ಅಲ್ಲಿಯೇ ಬರೆಯತೊಡಗಿದರು. ಊರಿಗೆ ಹೋಗುವವರು, ನೆಟ್ ಪರೀಕ್ಷೆಗೆ ಓದುವವರು ಒಬ್ಬರ ಎಣಿಕೆಯನ್ನು ಇನ್ನೊಬ್ಬರು ವಹಿಸಿಕೊಳ್ಳುವುದು ಸುಲಭವಾಯಿತು.

ಓಡುವಾಗ ಸಂಶೋಧನೆಗೆ ಹೊಸ ಯೋಚನೆಗಳು ಹೊಳೆಯುತ್ತವೆಯೇ ಎಂದು ಆಗಾಗ ಕೇಳುತ್ತಾರೆ. ಕೆಲವೊಮ್ಮೆ ಹೊಳೆಯುತ್ತವೆ. ಆದರೆ ಓಟವನ್ನು ಆ ಕಾರಣಕ್ಕಾಗಿ ಸಮರ್ಥಿಸುವುದು ನನಗೆ ಇಷ್ಟವಿಲ್ಲ. ಓಡಿದರೆ ಪ್ರಬಂಧ ಬೇಗ ಮುಗಿಯುತ್ತದೆ, ಓಡಿದರೆ ಬುದ್ಧಿ ಚುರುಕಾಗುತ್ತದೆ ಎಂದು ಹೇಳಿದೊಡನೆ ಓಟಕ್ಕೆ ತನ್ನದೇ ಬೆಲೆ ಇಲ್ಲವೆಂದು ಒಪ್ಪಿಕೊಂಡಂತಾಗುತ್ತದೆ, ಪ್ರಬಂಧ ತಡವಾದರೆ ಓಟ ತಪ್ಪಿತಸ್ಥನಾಗಿ ನಿಲ್ಲಬೇಕಾಗುತ್ತದೆ. ಗಣಿತಜ್ಞ ಅಲನ್ ಟ್ಯೂರಿಂಗ್ 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷ 3 ಸೆಕೆಂಡಿನಲ್ಲಿ ಓಡಿದರು. ಮರುವರ್ಷದ ಒಲಿಂಪಿಕ್ಸ್ ವಿಜೇತನಿಗಿಂತ ಅದು ಸುಮಾರು 11 ನಿಮಿಷ ಹೆಚ್ಚು, ಅಷ್ಟೇ. ಆ ಓಟವನ್ನು ಅವರ ಗಣಿತಕ್ಕೆ ಸಹಾಯಕವೆಂದು ಬರೆಯುವವರು ಅದನ್ನು ಚಿಕ್ಕದು ಮಾಡುತ್ತಾರೆ ಎಂದೇ ನನ್ನ ಅನಿಸಿಕೆ. ಅದು ತನ್ನಷ್ಟಕ್ಕೇ ಒಂದು ಸಾಧನೆ.

ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿ ನಡೆಯುವ ಕಾವೇರಿ ಟ್ರಯಲ್ ಮ್ಯಾರಥಾನಿನಲ್ಲಿ ನಾನು ಪೂರ್ಣ ದೂರ ಓಡಿದೆ. ಕಾಲುವೆಯ ಪಕ್ಕದ ಮಣ್ಣುದಾರಿ, ಎರಡೂ ಕಡೆ ಗದ್ದೆ. ಬಿಸಿಲು ಏರಿದ ಮೇಲೆ ಕೊನೆಯ ಹತ್ತು ಕಿ.ಮೀ. ಎಲ್ಲರಿಗೂ ಆಗುವಷ್ಟೇ ಕಷ್ಟ ನನಗೂ ಆಯಿತು, ಕಡಿಮೆ ಲಾಂಗ್ ರನ್‌ಗಳ ಬೆಲೆ ಅಲ್ಲಿ ತಿಳಿಯಿತು. ಆದರೂ ನಿಲ್ಲದೆ ಮುಗಿಸಿದೆ. ಓಟದ ದಿನ ನನ್ನ ಸುತ್ತಿನ ಏಳನೆಯ ದಿನಕ್ಕೆ ಬರುವಂತೆ ಎರಡು ತಿಂಗಳ ಹಿಂದೆಯೇ ಜೋಡಿಗಳನ್ನು ಹಾಕುವ ದಿನವನ್ನು ಲೆಕ್ಕ ಹಾಕಿಟ್ಟಿದ್ದೆ.

ಈಗ ರೇಷ್ಮೆ ಕೃಷಿ ವಿಜ್ಞಾನ ವಿಭಾಗದ ಗೆಳತಿಯೊಬ್ಬಳು ಹಾಫ್ ಮ್ಯಾರಥಾನಿಗೆ ತಯಾರಾಗಬೇಕೆಂದು ನನ್ನ ಹಾಳೆಯನ್ನು ಕೇಳಿದಳು. ಅದು ಅವಳಿಗೆ ಒಗ್ಗುವುದಿಲ್ಲ. ಅವಳ ಹುಳು ಮೊಟ್ಟೆಯೊಡೆದ ಮೇಲೆ ಗೂಡು ಕಟ್ಟಲು ಮೂರೂವರೆ ನಾಲ್ಕು ವಾರ ತೆಗೆದುಕೊಳ್ಳುತ್ತದೆ, ದಿನಕ್ಕೆ ಹಲವು ಸಲ ಸೊಪ್ಪು ಕೇಳುತ್ತದೆ, ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಮೊನ್ನೆ ಇಬ್ಬರೂ ಕುಳಿತು ಬೇರೊಂದು ಹಾಳೆ ಮಾಡಿದೆವು. ದೂರದ ಓಟಗಳನ್ನು ಜ್ವರದ ದಿನಗಳಿಗೆ ಹಾಕಿದ್ದೇವೆ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಇಪ್ಪತ್ತು ನಿಮಿಷದ ನಡಿಗೆ ಬಿಟ್ಟರೆ ಏನೂ ಇಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟಿಗೆ) ಏರಿದ ಮೇಲೆ ಐದಾರು ದಿನ ಅವಳಿಗೆ ಬಿಡುವು, ಸ್ಪರ್ಧೆಯ ದಿನ ಆ ಬಿಡುವಿನೊಳಗೆ ಬೀಳಬೇಕಾದರೆ ಮೊಟ್ಟೆಯನ್ನು ಯಾವ ತಾರೀಖಿಗೆ ಮರಿಗೆ ಇಡಬೇಕೆಂದು ಅವಳು ಹಿಂದಕ್ಕೆ ಎಣಿಸುತ್ತಿದ್ದಾಳೆ.